ನಾಲೆಯಲ್ಲಿ ತೆಂಗಿನಕಾಯಿ ಗೆದ್ದ ವರ್ಷ

ಹೋದ ವಾರ ಶ್ರವಣಬೆಳಗೊಳದಿಂದ ಚನ್ನರಾಯಪಟ್ಟಣಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಒಂದೂರಿನ ಮುಂದೆ ರಸ್ತೆಯ ಅಗಲಕ್ಕೂ ಹುರುಳಿ ಹರಡಿದ್ದರು. ನಮ್ಮ ಕಡೆ ಕಣ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಈಗ ಟಾರು ರಸ್ತೆಯೇ ಕಣ, ಹೋಗಿ ಬರುವ ಬಸ್ಸು ಲಾರಿಗಳೇ ಒಕ್ಕಣೆಯ ಎತ್ತು. ಡ್ರೈವರ್ ಬೈದುಕೊಂಡೇ ಅದರ ಮೇಲೆ ಹತ್ತಿಸಿದ. ಚಕ್ರದಡಿ ಹುರುಳಿ ಚಟಪಟ ಸಿಡಿಯಿತು, ಕಿಟಕಿಯಿಂದ ಒಣ ಧೂಳಿನ ವಾಸನೆ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ನನ್ನ ಮಟ್ಟಿಗೆ ಅದು ಹುರುಳಿಯ ವಾಸನೆಯಲ್ಲ, ನಲವತ್ತೆರಡನೆಯ ವಯಸ್ಸಿನಲ್ಲಿ ನನಗೆ ಹಿಡಿದಿದ್ದ ಹುಚ್ಚಿನ ವಾಸನೆ.

ನಾನು ಪಿ.ಟಿ. ಟೀಚರು. ಅರಕಲಗೂಡು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕೆಲಸ, ಹೊಳೆನರಸೀಪುರದಲ್ಲಿ ಮನೆ. ನಮ್ಮ ಯಜಮಾನರು, ಲೋಕೇಶ್ ಅಂತ, ಪೇಟೆಯಲ್ಲಿ ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡಿದ್ದಾರೆ. ಆ ವರ್ಷ ಮಗಳು ಪಿಯುಸಿಗೆಂದು ಹಾಸನದ ಹಾಸ್ಟೆಲ್ ಸೇರಿದಳು. ಅವಳು ಹೋದ ಮೇಲೆ ಸಂಜೆ ಮನೆಗೆ ಬಂದರೆ ನನಗೆ ಮಾಡಲು ಏನೂ ಇರುತ್ತಿರಲಿಲ್ಲ. ಟೀವಿ ಮುಂದೆ ಕೂತರೆ ಕಾಲು ತಾನಾಗಿ ಕುಣಿಯುತ್ತಿತ್ತು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದು ಜೋಡಿಸುವುದು, ವಾರ ಬಿಟ್ಟು ಮತ್ತೆ ಇಳಿಸುವುದು, ಇದೇ ಆಯಿತು. “ಕಾಲ್ಗೆ ಚಕ್ರ ಕಟ್ಕಂಡೇ ಉಟ್ಟಿದ್ದೀಯ ಕಣಮ್ಮಿ ನೀನು,” ಎಂದು ನಮ್ಮತ್ತೆ ಬೈಯುತ್ತಿದ್ದರು. “ಒಂದ್ ಗಳ್ಗೆ ಕುಂತ್ಕಂಡ್ರೆ ಭೂಮಿಯೇನು ಮುಳುಗೋಗಕಿಲ್ಲ.”

ಅದೇ ಸಮಯದಲ್ಲಿ ಒಂದು ದಿನ ಮೊಬೈಲಿನಲ್ಲಿ ಕಾವ್ಯಳ ಫೋಟೋ ನೋಡಿದೆ. ಕಾವ್ಯ ನನ್ನ ಶಿಷ್ಯೆ. ನನ್ನ ಮೊದಲ ಪೋಸ್ಟಿಂಗು ದುದ್ದದ ಕಡೆ ಇದ್ದಾಗ ಅಲ್ಲಿ ಹೈಸ್ಕೂಲಿನಲ್ಲಿದ್ದಳು. ಕಡ್ಡಿಯಂಥ ಹುಡುಗಿ, ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದುಕೊಂಡೇ ಮೈದಾನಕ್ಕೆ ಬರುತ್ತಿದ್ದಳು. ಅವಳಿಗೆ ಓಡುವುದನ್ನು ಕಲಿಸಿದೆ ಎಂದು ನಾನು ಹೇಳಿಕೊಳ್ಳುವುದಿಲ್ಲ, ಓಟ ಅವಳಿಗೆ ಹುಟ್ಟಿನಿಂದಲೇ ಬಂದಿತ್ತು. ಅವರಪ್ಪನ ಹತ್ತಿರ ಜಗಳ ಆಡಿ ಜಿಲ್ಲಾ ಮಟ್ಟಕ್ಕೆ ಕರೆದುಕೊಂಡು ಹೋದವಳು ಮಾತ್ರ ನಾನೇ. ಈಗ ಅವಳು ಹಾಸನದಲ್ಲಿ ಈಜು, ಓಟ ಹೇಳಿಕೊಡುವ ಕೋಚ್ ಆಗಿದ್ದಳು. ಫೋಟೋದಲ್ಲಿ ಮೈಯೆಲ್ಲ ಬೆವರು, ಕೊರಳಲ್ಲಿ ಪದಕ, ಕೆಳಗೆ ‘ಟ್ರಯಥ್ಲಾನ್’ ಎಂದು ಬರೆದಿತ್ತು.

ನನಗೆ ಆ ಹೆಸರು ಗೊತ್ತಿತ್ತು, ಆಟ ಗೊತ್ತಿರಲಿಲ್ಲ. ಕೂತು ವಿಡಿಯೋ ನೋಡಿದೆ. ಮೊದಲು ಕೆರೆಯಲ್ಲೋ ಸಮುದ್ರದಲ್ಲೋ ಈಜಬೇಕು, ಎದ್ದು ಒದ್ದೆ ಮೈಯಲ್ಲೇ ಸೈಕಲ್ ತುಳಿಯಬೇಕು, ಇಳಿದವರೇ ಓಡಬೇಕು. ನಡುವೆ ಕೂರುವಂತಿಲ್ಲ. ಕೂತಲ್ಲಿ ಕೂರಲಾಗದವರಿಗೆಂದೇ ಯಾರೋ ಕಂಡುಹಿಡಿದ ಆಟ ಅನ್ನಿಸಿತು. ಕಾವ್ಯಳಿಗೆ ಒಂದು ಶಭಾಷ್ ಕಳಿಸಿದೆ. ತಕ್ಷಣ ಫೋನೇ ಬಂತು.

“ಮಿಸ್, ನೀವೂ ಬನ್ನಿ. ಸಂಕ್ರಾಂತಿ ಕಳದ್ಮೇಲೆ ಮೈಸೂರತ್ರ ಒಂದೈತೆ. ಸಣ್ಣದು, ಹೊಸಬರಿಗೆ ಅಂತ್ಲೇ. ನಾನ್ ರೆಡಿ ಮಾಡ್ತೀನಿ.”

“ನೋಡಣ ಬುಡೇ,” ಅಂದೆ. ಫೋನು ಇಟ್ಟ ಮೇಲೆ ಮನೆಯ ಹಿಂದೆ ಮುಂದೆ ಎಷ್ಟು ಸಲ ಓಡಾಡಿದೆನೋ. ಹೋಗುವುದು ಎಂದು ಆಗಲೇ ತೀರ್ಮಾನವಾಗಿತ್ತು. ಆದರೆ ಅವಳ ಕೈಯಲ್ಲಿ ರೆಡಿಯಾಗಿ ಅಲ್ಲ, ನಾನೇ ಆಗಿ.

ಲೋಕೇಶ್ ಇದನ್ನು ಹಮ್ಮು ಎಂದುಕೊಂಡರು. “ನಿನ್ ಶಿಷ್ಯೆ ಕೈಲಿ ಯೋಳುಸ್ಕಳಕ್ಕೆ ನಾಚ್ಕೆ ನಿಂಗೆ,” ಎಂದು ನಕ್ಕರು. ಹಮ್ಮು ಸ್ವಲ್ಪ ಇತ್ತು, ಇಲ್ಲ ಎನ್ನುವುದಿಲ್ಲ. ಊರ ಮಕ್ಕಳಿಗೆಲ್ಲ ವಿಸಿಲ್ ಊದಿದವಳು ಇನ್ನೊಬ್ಬರ ವಿಸಿಲ್ಲಿಗೆ ಏಳುವುದು ಕಷ್ಟವೇ. ಆದರೆ ನಿಜವಾದ ಕಾರಣ ಬೇರೆ ಇತ್ತು, ಅದನ್ನು ನಾನು ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲ.

ಡಿಗ್ರಿ ಓದುವಾಗ ನಾನು ಎಂಟುನೂರು ಮೀಟರ್ ಓಡುತ್ತಿದ್ದೆ. ಕಾಲೇಜಿಗೆ ನಾನೇ ಮೊದಲು. ಯೂನಿವರ್ಸಿಟಿ ಮೀಟಿಗೆ ಹೊರಡುವ ಬೆಳಿಗ್ಗೆ ಬ್ಯಾಗು ಹಿಡಿದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ನಮ್ಮ ಕೋಚು ಬಾಗಿಲಲ್ಲಿ ನಿಂತು, “ನೀನು ಬ್ಯಾಡಮ್ಮ, ಮನೆಗೋಗು,” ಅಂದರು. ಯಾಕೆ ಸಾ ಎಂದೆ. “ಬ್ಯಾಡ ಅಂದ್ನಲ್ಲ,” ಅಂದರು. ಬಸ್ಸು ಹೋಯಿತು. ನನ್ನ ಜಾಗದಲ್ಲಿ ಬೇರೆ ಹುಡುಗಿ ಹೋದಳಾ, ನನ್ನಲ್ಲೇ ಏನೋ ಕೊರತೆ ಕಂಡರಾ, ಇವತ್ತಿಗೂ ಗೊತ್ತಿಲ್ಲ. ಆಮೇಲೆ ನಾನು ಓಡಲಿಲ್ಲ. ಓಡಿಸುವ ಕೆಲಸ ಹಿಡಿದೆ. ನನ್ನ ಮೈಯಲ್ಲಿ ಎಷ್ಟು ಶಕ್ತಿ ಇತ್ತು ಎನ್ನುವ ಲೆಕ್ಕ ಆ ಮನುಷ್ಯನ ಬಾಯಲ್ಲೇ ಉಳಿದುಹೋಯಿತು. ಈಗ ಮತ್ತೊಬ್ಬರು ಬಂದು ‘ನಿನ್ನ ಕೈಲಾಗುತ್ತೆ’ ಎಂದರೂ ಬೇಡ, ‘ಆಗಲ್ಲ’ ಎಂದರೂ ಬೇಡ. ನಾನೇ ತಿಳಿದುಕೊಳ್ಳಬೇಕಿತ್ತು, ಅಷ್ಟೇ.

ಹಾಗೆ ಶುರುವಾಯಿತು. ಮಗಳು ಬಿಟ್ಟುಹೋಗಿದ್ದ ಗೇರ್ ಸೈಕಲ್ಲಿನ ಧೂಳು ಒರೆಸಿದೆ. ಶಾಲೆ ಬಿಟ್ಟ ಮೇಲೆ ಮಕ್ಕಳೆಲ್ಲ ಹೋಗುವವರೆಗೂ ಸ್ಟಾಫ್ ರೂಮಿನಲ್ಲಿ ಏನೋ ಹುಡುಕುವವಳಂತೆ ಇದ್ದು, ಆಮೇಲೆ ಮೈದಾನದಲ್ಲಿ ಓಡುತ್ತಿದ್ದೆ. ಅರಕಲಗೂಡಿನ ಆ ಸೀಮೆಯಲ್ಲಿ ಆಗ ಹೊಗೆಸೊಪ್ಪು ಬೇಯಿಸುವ ಕಾಲ ಹತ್ತಿರ ಬರುತ್ತಿತ್ತು. ಸೊಪ್ಪು ಬೇಯಿಸುವ ಬ್ಯಾರನ್ ಮನೆಗಳಿಗೆ ಸೌದೆ ಹೊತ್ತ ಟ್ರ್ಯಾಕ್ಟರುಗಳು ಮೈದಾನದ ಪಕ್ಕದಲ್ಲೇ ಹೋಗುತ್ತಿದ್ದವು, ಮೇಲೆ ಕೂತವರು ನನ್ನನ್ನು ನೋಡಿ ಏನೋ ಆಗಬಾರದ್ದು ಆಗಿದೆ ಎಂದುಕೊಂಡು ಕೂಗುತ್ತಿದ್ದರು. “ಏನಾಯ್ತು ಟೀಚರಮ್ಮ, ಯಾರಾರ ಅಟ್ಟುಸ್ಕ ಬಂದ್ರಾ?” ಎರಡು ಸುತ್ತಿಗೆ ನನ್ನ ಉಸಿರು ಮೇಲಕ್ಕೆ ಬರುತ್ತಿತ್ತು. ಆದರೂ ಮನಸ್ಸಿಗೆ ಒಂಥರಾ ಸುಖ. ಮೈ ನೋಯುತ್ತಿದ್ದರೆ ಕಾಲು ಕುಣಿಯುವುದಿಲ್ಲ.

ಈಜಿನ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ನಮ್ಮ ತವರು ಬಾಗೂರಿನ ಕಡೆ. ಚಿಕ್ಕಂದಿನಲ್ಲಿ ನಮ್ಮಣ್ಣ ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ ತೋಟದ ಬಾವಿಗೆ ತಳ್ಳಿ ಕಲಿಸಿದ ವಿದ್ಯೆ ಅದು. ಮಳೆ ಹಿಡಿದು ಗೊರೂರು ಡ್ಯಾಮು ತುಂಬಿ ನಾಲೆಗೆ ನೀರು ಬಿಟ್ಟ ಸುದ್ದಿ ಬಂದ ದಿನವೇ ಲೋಕೇಶರಿಗೆ ಗಂಟುಬಿದ್ದೆ. ಅವರು ಮೊದಲು ಬೈದರು, ಆಮೇಲೆ ಟವಲು ಹಿಡಿದು ಬಂದರು. “ದಡ ಬುಟ್ಟು ಆಚ್ಗೋದ್ರೆ ಅಲ್ಲೇ ಬುಟ್ ಬತ್ತೀನಿ ನೋಡು,” ಎನ್ನುವುದು ಅವರ ಷರತ್ತು. ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ನಾನು ಒಂದು ಸೇತುವೆಯ ಹತ್ತಿರ ಇಳಿಯುವುದು, ಮುಂದಿನ ಸೇತುವೆಯವರೆಗೆ ಈಜುವುದು, ಅವರು ನಾಲೆ ಏರಿಯ ಮೇಲೆ ಸ್ಕೂಟರಿನಲ್ಲಿ ನಿಧಾನಕ್ಕೆ ಜೊತೆಗೇ ಬರುವುದು. ಅಲ್ಲಿ ಹತ್ತಿ, ಟವಲು ಸುತ್ತಿಕೊಂಡು, ಸ್ಕೂಟರಿನ ಹಿಂದೆ ಕೂತು ಮನೆಗೆ ವಾಪಸ್ಸು. ಮೊದಲ ದಿನ ಎಮ್ಮೆ ತೊಳೆಯುತ್ತಿದ್ದವನೊಬ್ಬ ನನ್ನ ತಲೆ ಕಂಡು, “ಅಯ್ಯಯ್ಯಪ್ಪೋ, ಯಾರೋ ಎಂಗ್ಸು ಬಿದ್ದೋಗವ್ಳೆ ಬರ್ರಲಾ!” ಎಂದು ಬೊಬ್ಬೆ ಹೊಡೆದು ಎಮ್ಮೆಯ ಹಗ್ಗವನ್ನೇ ನನ್ನ ಕಡೆ ಎಸೆದಿದ್ದ.

ಮಳೆಗಾಲವಿಡೀ ಹೀಗೆ ನಡೆಯಿತು. ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ. ಮೊಬೈಲಿನಲ್ಲಿ ಬೇರೆಯವರು ಈಜುವ ಹೊತ್ತಿನೊಂದಿಗೆ ಹೋಲಿಸುತ್ತಿದ್ದೆ. ನನಗಿಂತ ಅರ್ಧ ವಯಸ್ಸಿನವರು ನನಗಿಂತ ಹಿಂದಿದ್ದರು! ಕಾವ್ಯಳಿಗೆ ಹೇಳಿ ಅವಳ ಬಾಯಿ ಮುಚ್ಚಿಸಬೇಕು ಎಂದು ಎಷ್ಟು ಸಲ ಫೋನು ಎತ್ತಿಕೊಂಡೆನೋ. ಅತ್ತೆಯ ಮುಂದೆ, ಅಂಗಡಿಗೆ ಬಂದ ರೈತರ ಮುಂದೆ, ಸ್ಟಾಫ್ ರೂಮಿನಲ್ಲಿ, ಎಲ್ಲೆಡೆ ಕೊಚ್ಚಿಕೊಂಡೆ. ಕೋಚು ಗೀಚು ಏನೂ ಬೇಡ, ನಾಲೆಯೇ ಗುರು ಅಂದೆ.

ಒಂದು ಭಾನುವಾರ ನಾನು ನೀರಿಗೆ ಇಳಿಯುವ ಹೊತ್ತಿಗೆ ಮೇಲಿನಿಂದ ಸುಲಿಯದ, ಮಟ್ಟೆ ಸಮೇತ ಒಂದು ತೆಂಗಿನಕಾಯಿ ತೇಲಿ ಬಂತು. ಯಾರದೋ ತೋಟದ್ದು. ನಾನೂ ಹೊರಟೆ, ಅದೂ ಹೊರಟಿತು. ಸ್ವಲ್ಪ ದೂರ ಅದು ಪಕ್ಕದಲ್ಲೇ ಇತ್ತು. ನಾನು ಜೋರು ಮಾಡಿದೆ. ಅದು ಏನೂ ಮಾಡದೆ ನನ್ನ ಮುಂದೆ ಹೋಯಿತು. ಸೊಕ್ಕು ಬಂದು ಕೈಕಾಲು ಬಡಿದೆ, ನೀರು ಕುಡಿದೆ. ಸೇತುವೆಯ ಹತ್ತಿರ ತಲೆ ಎತ್ತಿ ನೋಡಿದರೆ ಕಾಯಿ ಕಂಬಕ್ಕೆ ಡಿಕ್ಕಿ ಹೊಡೆದು, ಆರಾಮಾಗಿ ತಿರುಗುತ್ತಾ ಆಚೆ ಹೋಗುತ್ತಿತ್ತು. ಏರಿಯ ಮೇಲೆ ಲೋಕೇಶ್ ಸ್ಕೂಟರ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡಿದ್ದರು.

“ಕಾಯಿ ಫಸ್ಟು, ನೀನು ಸೆಕೆಂಡು ಕಣೆ ಸರೋಜ!”

“ಅದು ನಡುನೀರಲ್ಲಿತ್ತು, ನಾನು ದಡದಲ್ಲಿದ್ದೆ,” ಎಂದು ವಾದ ಮಾಡಿದೆ. ಬಾಯಿಯೇನೋ ವಾದ ಮಾಡಿತು. ಸ್ಕೂಟರಿನ ಹಿಂದೆ ಕೂತು ಬರುವಾಗ ನಿಜ ಹೊಳೆಯಿತು. ಇಷ್ಟು ತಿಂಗಳಲ್ಲಿ ಒಂದು ದಿನವೂ ನಾನು ನೀರಿಗೆ ಎದುರಾಗಿ ವಾಪಸ್ಸು ಈಜಿರಲಿಲ್ಲ. ಈಜಿದ್ದು ನಾನಲ್ಲ, ನಾಲೆ. ಇಂಜಿನಿಯರು ತೂಬು ಎತ್ತಿದಷ್ಟು ನನ್ನ ವೇಗ. ಕೆರೆಯ ನಿಂತ ನೀರಲ್ಲಿ ನಾನು ಎಷ್ಟರವಳು ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಬಗ್ಗೆ ನಾನೇ ತಿಳಿದುಕೊಳ್ಳುತ್ತೇನೆ ಎಂದು ಹೊರಟವಳು ನಾನೇ ನನಗೆ ಅಷ್ಟು ದೊಡ್ಡ ಸುಳ್ಳು ಹೇಳಿಕೊಂಡಿದ್ದೆ.

ಆ ವಾರ ಹಾಸನಕ್ಕೆ ಹೋದೆ. ಮಗಳನ್ನು ನೋಡುವ ನೆಪ. ಈಜುಕೊಳದಲ್ಲಿ ಹೆಂಗಸರ ಬ್ಯಾಚಿನ ಸಮಯ. ಕಾವ್ಯ ದಡದಲ್ಲಿ ನಿಂತು ಯಾರಿಗೋ ಕೈ ಹೇಗೆ ಬೀಸಬೇಕೆಂದು ತೋರಿಸುತ್ತಿದ್ದಳು. ನನ್ನನ್ನು ಕಂಡು ಓಡಿಬಂದು ಕಾಲು ಮುಟ್ಟಲು ಬಗ್ಗಿದಳು. ನೀರಿಗಿಳಿದೆ. ಕೊಳದ ಆಚೆ ತುದಿ ಮುಟ್ಟುವ ಮೊದಲೇ ತೋಳು ಬಿದ್ದುಹೋಯಿತು, ಪಕ್ಕದ ಕಂಬಿ ಹಿಡಿದುಕೊಂಡೆ. ಅವಳು ನಗಲಿಲ್ಲ. ತೆಂಗಿನಕಾಯಿಯ ಕಥೆ ನಾನೇ ಹೇಳಿದ ಮೇಲೆ ಮಾತ್ರ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಕ್ಕ ಮೇಲೂ ನಾನು ಪೂರ್ತಿ ಒಪ್ಪಲಿಲ್ಲ. “ನೋಡು ಕಾವ್ಯ, ಈಜಿಗೆ ಮಾತ್ರ ನೀನು. ಸೈಕಲ್ಲು, ಓಟ ನಂದು. ಅದ್ರಲ್ಲಿ ನೀನು ಬಾಯಾಕಂಗಿಲ್ಲ.”

“ಮೂರಕ್ಕೂ ಮೈ ಒಂದೇ ಅಲ್ವಾ ಮಿಸ್?” ಅಂದಳು.

“ಅದು ನನ್ ಮೈ.”

“ಆಯ್ತು ಮಿಸ್. ವಾರಕ್ಕೆ ಒಂದಿನ ಮಾತ್ರ ಏನೂ ಮಾಡ್ದೆ ಸುಮ್ನಿರಿ, ಅದೊಂದ್ ನಡಸ್ಕೊಡಿ ಸಾಕು,” ಅಂದಳು. ತಲೆ ಆಡಿಸಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಗಾದೆಯನ್ನು ಲೋಕೇಶ್ ಆಗ ದಿನಕ್ಕೊಂದು ಸಲ ಹೇಳುತ್ತಿದ್ದರು. ಎತ್ತೂ ನೀನೇ, ಕೋಣವೂ ನೀನೇ, ನೊಗ ಮುರಿಯುವುದೊಂದು ಬಾಕಿ ಎನ್ನುತ್ತಿದ್ದರು.

ಈಜು ಬಂತು. ಮುಖ ನೀರಲ್ಲಿ ಮುಳುಗಿಸಿ ಪಕ್ಕಕ್ಕೆ ತಿರುಗಿ ಉಸಿರು ತೆಗೆದುಕೊಳ್ಳುವುದನ್ನು ಅವಳು ಎಷ್ಟು ತಾಳ್ಮೆಯಿಂದ ಕಲಿಸಿದಳೆಂದರೆ, ನಾನು ಯಾವ ಮಗುವಿಗೂ ಅಷ್ಟು ತಾಳ್ಮೆಯಿಂದ ಏನೂ ಕಲಿಸಿಲ್ಲ. ಒಂದು ದಿನ ನಿಲ್ಲದೆ ಆಚೆ ಹೋಗಿ ಈಚೆ ಬಂದಾಗ ಅವಳು ದಡದಲ್ಲಿ ಕುಣಿದಳು. ಆದರೆ ಆ ಸುಮ್ಮನಿರುವ ದಿನ ಇತ್ತಲ್ಲ, ಅದು ನನ್ನಿಂದ ಆಗಲಿಲ್ಲ. ಬೆಳಿಗ್ಗೆ ಎದ್ದರೆ ಕೈ ಪರಚಿಕೊಳ್ಳುವಂತಾಗುತ್ತಿತ್ತು. ಮಗಳಿಗೆ ಫೋನು ಮಾಡಿ ಜಗಳ ತೆಗೆಯುತ್ತಿದ್ದೆ. ಡಿಸೆಂಬರ್ ಕಳೆಯುವ ಹೊತ್ತಿಗೆ ಇನ್ನೂ ಜಾಸ್ತಿಯಾಯಿತು, ರೇಸು ಹತ್ತಿರ ಬಂದಿತ್ತು. ಒಂದು ಭಾನುವಾರ, ಕಾವ್ಯ ಸುಮ್ಮನಿರಿ ಎಂದಿದ್ದ ಭಾನುವಾರ, ಮಂಜು ಕರಗುವ ಮೊದಲೇ ಸೈಕಲ್ ಹತ್ತಿ ಚನ್ನರಾಯಪಟ್ಟಣದ ದಾರಿ ಹಿಡಿದೆ. ಬಾಗೂರಿನ ಅಣ್ಣನ ಮನೆಯಲ್ಲಿ ರೊಟ್ಟಿ ತಿಂದು ಬರುವುದೆಂದು ಲೆಕ್ಕ.

ಚನ್ನರಾಯಪಟ್ಟಣ ದಾಟಿದ ಮೇಲೆ ಒಂದು ಇಳಿಜಾರು. ಜೋರಾಗಿ ಬಿಟ್ಟಿದ್ದೆ. ತಿರುವು ಕಳೆದ ತಕ್ಷಣ ರಸ್ತೆಯ ತುಂಬ ಹುರುಳಿ. ಬ್ರೇಕು ಹಿಡಿದೆ. ಒಣಗಿದ ಹಂಬು ಚೈನಿಗೆ, ಗೇರಿಗೆ ಸುತ್ತಿಕೊಂಡಿತು, ಹಿಂದಿನ ಚಕ್ರ ಜಾರಿತು. ಬಿದ್ದಾಗ ಮೊದಲು ನೆಲಕ್ಕೆ ಬಡಿದದ್ದು ಮಂಡಿ. ರಸ್ತೆಬದಿಯಲ್ಲಿ ಮೊರ ಹಿಡಿದು ಕೂತಿದ್ದ ಒಬ್ಬ ಅಜ್ಜಿ ಎದ್ದು ಬಂದಳು. ನನ್ನನ್ನು ಎತ್ತುವ ಮೊದಲು ಚೈನಿನಿಂದ ಹುರುಳಿ ಬಿಡಿಸಿಕೊಂಡಳು.

“ನಿನ್ ಸೈಕಲ್ಲಿಗೆ ಕಾಳು ಉದುರಾಕಿಲ್ಲ ಕಣವ್ವ. ಲಾರಿ ಬರ್ಲಿ ಅಂತ ಕಾಯ್ತಾ ಕುಂತಿವ್ನಿ, ನೀನ್ಯಾಕ್ ಮದ್ಯೆ ಬಂದೆ?” ಅಂದಳು. ಆಮೇಲೆ ಮಂಡಿ ನೋಡಿ ದನಿ ತಗ್ಗಿಸಿದಳು. “ಊದ್ತದೆ. ಕುತ್ಕ. ಯಾವ್ದಾರ ಬಸ್ಸಾಗೆ ಓಗವಂತೆ.”

ನಾನು ಕೂರಲಿಲ್ಲ. ಧೂಳು ಬಾಯಿಗೆ ಹೋಗಿತ್ತು, ಕಣ್ಣು ಉರಿಯುತ್ತಿತ್ತು. ಸೈಕಲ್ ಎತ್ತಿ ತಳ್ಳಿಕೊಂಡು ಸ್ವಲ್ಪ ದೂರ ಹೋಗಿ, ಅವಳ ಕಣ್ಣು ತಪ್ಪಿದ ಮೇಲೆ ಹತ್ತಿ ತುಳಿದುಕೊಂಡೇ ಮನೆಗೆ ಬಂದೆ. ಅಣ್ಣನ ಮನೆಗೂ ಹೋಗಲಿಲ್ಲ. ಲೋಕೇಶರಿಗೆ ತರಚಿದ್ದು ಮಾತ್ರ ತೋರಿಸಿದೆ. ಊತ ತೋರಿಸಲಿಲ್ಲ.

ಕಾವ್ಯಳಿಗಂತೂ ಹೇಳಲೇ ಇಲ್ಲ. ಹೇಳಿದರೆ ಮುಂದಿನ ಮಾತು ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು. ಕೊಳದಲ್ಲಿ ಉದ್ದದ ಈಜುಡುಗೆ ಹಾಕಿಕೊಂಡೆ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು ಒಳ್ಳೆಯ ಕಾಲಿನ ಮೇಲೆ ಭಾರ ಹಾಕುತ್ತಿದ್ದೆ. ಹೊಟ್ಟೆನೋವೆಂದು ಸುಳ್ಳು ಹೇಳಿ ಪಿ.ಟಿ. ತಪ್ಪಿಸಿಕೊಳ್ಳುವ ಹುಡುಗರನ್ನು ದೂರದಿಂದಲೇ ಪತ್ತೆ ಹಚ್ಚುವವಳು ನಾನು. ಈಗ ಅದೇ ಕಳ್ಳಾಟವನ್ನು ತಿರುಗಾಮುರುಗಾ ಆಡುತ್ತಿದ್ದೆ, ನೋವಿದ್ದೂ ಇಲ್ಲವೆಂದು. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿದ ವಾರ, ಕಾವ್ಯ ನನ್ನನ್ನು ನೀರಿಗೆ ಇಳಿಯಲು ಬಿಡಲಿಲ್ಲ.

“ಮಿಸ್, ಕಾಲಿಗೇನಾಗಿದೆ?”

“ಏನಿಲ್ಲ.”

“ನಡಿಯೋದ್ ನೋಡ್ತಾ ಇದೀನಲ್ಲ ಮಿಸ್.”

“ಏನಿಲ್ಲ ಅಂದ್ನಲ್ಲ!” ದನಿ ಏರಿತು. ಬೇರೆ ಹೆಂಗಸರು ತಿರುಗಿ ನೋಡಿದರು. ಅವಳು ನನ್ನನ್ನು ಹೊರಗೆ, ಚಪ್ಪಲಿ ಬಿಡುವ ಜಾಗಕ್ಕೆ ಕರೆದುಕೊಂಡು ಹೋದಳು. ಅಲ್ಲಿ ನಾನು ಬಾಯಿಗೆ ಬಂದದ್ದು ಅಂದೆ. ನೀನೂ ಆ ಕೋಚಿನ ಜಾತಿಯವಳೇ ಅಂದೆ. ಯಾವ ಕೋಚು ಎಂದು ಅವಳಿಗೆ ಹೇಗೆ ತಿಳಿಯಬೇಕು? ಹಾಗಾಗಿ ಆ ಬಸ್ಸಿನ ಮೆಟ್ಟಿಲ ಕಥೆ ಪೂರ್ತಿ ಹೇಳಬೇಕಾಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಬಾಯಿ ಬಿಟ್ಟು ಹೇಳಿದ್ದು, ಅದೂ ನನ್ನ ಶಿಷ್ಯೆಯ ಹತ್ತಿರ, ಚಪ್ಪಲಿಗಳ ಮಧ್ಯೆ ನಿಂತು. “ನೀನೂ ನನ್ನ ಬಸ್ಸಿಂದ ಇಳಸ್ತೀಯ, ಅದಕ್ಕೇ ನಿಂಗೆ ಹೇಳ್ಲಿಲ್ಲ,” ಅಂದೆ.

ಕಾವ್ಯಳ ಕಣ್ಣು ತುಂಬಿತ್ತು.

“ಇಳ್ಸಕ್ಕೆ ನಾನ್ ಯಾವಳು ಮಿಸ್? ಹತ್ತಿರೋರು ನೀವು. ಓಗಿ ಅಂತ್ಲೂ ಹೇಳಲ್ಲ, ಬೇಡ ಅಂತ್ಲೂ ಹೇಳಲ್ಲ. ಆದ್ರೆ ನೋವನ್ನ ಬಚ್ಚಿಟ್ಕಂಡು ಬಂದ್ರೆ ನಾನ್ ಏನ್ ಹೇಳ್ಕೊಡ್ಲಿ? ನಿಮ್ಮನ್ ಬಿಟ್ಟು ಇನ್ಯಾರ್ಗೋ ಹೇಳ್ಕೊಟ್ಟಂಗಾಗುತ್ತೆ. ಇನ್ ನನ್ ಕೈಲಾಗಲ್ಲ ಮಿಸ್. ನೀವೇ ಮಾಡ್ಕಳಿ.”

ಒಳಗೆ ಹೋದಳು. ನಾನು ಬಸ್‌ಸ್ಟ್ಯಾಂಡಿನವರೆಗೂ ಬೈದುಕೊಂಡು ನಡೆದೆ. ಹೊಳೆನರಸೀಪುರದ ಬಸ್ಸು ಹತ್ತಿದ ಮೇಲೆ ಬೈಗುಳ ಖಾಲಿಯಾಯಿತು. ಬೇಕೆಂದು ಹಟ ಹಿಡಿದದ್ದು ಕೊನೆಗೂ ಸಿಕ್ಕಿತ್ತು, ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಅದು ಅಷ್ಟು ಹೆದರಿಕೆ ಹುಟ್ಟಿಸುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ರೇಸಿನ ದಿನ ಲೋಕೇಶ್ ಅಂಗಡಿ ಮುಚ್ಚಿ ಕಾರಿನಲ್ಲಿ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಒಂದು ಮಾತೂ ತಮಾಷೆ ಮಾಡಲಿಲ್ಲ, ಅದೇ ನನಗೆ ಇನ್ನಷ್ಟು ಭಯ ತಂದಿತು. ಮೈಸೂರಿನ ಹೊರಗಿನ ಒಂದು ಕೆರೆ. ನಿಂತ ನೀರು, ಮೇಲೆ ತೆಳ್ಳಗೆ ಮಂಜು. ಎಲ್ಲ ವಯಸ್ಸಿನವರೂ ಇದ್ದರು. ಆಚೆ ಕಡೆ ಕಾವ್ಯ ತನ್ನ ಬೇರೆ ಶಿಷ್ಯೆಯರಿಗೆ ಈಜುವ ಟೋಪಿ ತೊಡಿಸುತ್ತಿದ್ದಳು. ನನ್ನನ್ನು ಕಂಡು ತಲೆಯಾಡಿಸಿದಳು, ಹತ್ತಿರ ಬರಲಿಲ್ಲ.

ನೀರಲ್ಲಿ ನಾನು ಚೆನ್ನಾಗಿದ್ದೆ. ಇದನ್ನು ಹೇಳಲು ನನಗೆ ಯಾವ ನಾಚಿಕೆಯೂ ಇಲ್ಲ. ನೂಕದ ನೀರಲ್ಲಿ, ನನ್ನದೇ ತೋಳಿನ ಬಲದಲ್ಲಿ, ಅವಳು ಕಲಿಸಿದ ಉಸಿರಲ್ಲಿ ಆ ದಡ ಮುಟ್ಟಿ ಬಂದೆ. ಎದ್ದಾಗ ನನ್ನ ಹಿಂದೆ ಇನ್ನೂ ಜನ ನೀರಿನಲ್ಲಿದ್ದರು. ಲೋಕೇಶ್ ಮಕ್ಕಳಂತೆ ಕೂಗುತ್ತಿದ್ದರು. ಸೈಕಲ್ಲೂ ನಡೆಯಿತು. ಮಂಡಿ ಮೊದಲು ಮುಲುಗಿತು, ಆಮೇಲೆ ಬೈಯಿತು, ಕೊನೆಯ ಏರಿನಲ್ಲಿ ಕಿರುಚಿತು. ಹಲ್ಲು ಕಚ್ಚಿ ಇಳಿದೆ. ಉಳಿದದ್ದು ಓಟ ಮಾತ್ರ. ನನ್ನ ಓಟ, ಅಂದು ಬಸ್ಸಿನ ಬಾಗಿಲಲ್ಲಿ ಕಿತ್ತುಕೊಂಡ ಓಟ. ಹಗ್ಗ ಕಟ್ಟಿದ ದಾರಿಯಲ್ಲಿ ಹೊರಟೆ. ಹತ್ತಾರು ಹೆಜ್ಜೆಗೆ ಕಾಲು ಒಳಕ್ಕೆ ಮಡಚಿಕೊಂಡಿತು. ನಿಂತೆ. ಮತ್ತೆ ಹೊರಟೆ. ಮತ್ತೆ ಮಡಚಿಕೊಂಡಿತು.

ಹಗ್ಗದ ಆಚೆ ಕಾವ್ಯ ನಿಂತಿದ್ದಳು. ನಾನು ಅವಳ ಮುಖವನ್ನೇ ನೋಡಿದೆ. ‘ಓಡಿ ಮಿಸ್’ ಎನ್ನಲಿ, ಓಡಿಬಿಡುತ್ತೇನೆ, ಕಾಲು ಮುರಿದರೆ ಮುರಿಯಲಿ. ‘ನಿಲ್ಲಿ ಮಿಸ್’ ಎನ್ನಲಿ, ನಿಂತು ಜೀವಮಾನವಿಡೀ ಅವಳನ್ನು ಬೈದುಕೊಳ್ಳುತ್ತೇನೆ. ಅವಳು ಎರಡೂ ಅನ್ನಲಿಲ್ಲ. ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ತುಟಿ ಕಚ್ಚಿಕೊಂಡು ನಿಂತಿದ್ದಳು. ಅವಳಿಗೆ ಅದೆಷ್ಟು ಕಷ್ಟವಾಗಿತ್ತೆಂದು ಇವತ್ತು ಅರ್ಥವಾಗುತ್ತದೆ.

ಜನ ನನ್ನನ್ನು ದಾಟಿ ಓಡುತ್ತಿದ್ದರು. ನನ್ನೊಳಗೆ ಮೊದಲ ಸಲ ಎಲ್ಲ ಗಲಾಟೆಯೂ ನಿಂತಿತ್ತು. ಕಾಲು ಹೇಳುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಬಗ್ಗಿ, ಹೊತ್ತು ಎಣಿಸಲು ರೇಸಿನವರು ಕಾಲಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿ, ಅಲ್ಲಿ ನಿಂತಿದ್ದ ಅವರ ಕಡೆಯ ಹುಡುಗಿಯ ಕೈಗೆ ಕೊಟ್ಟೆ.

“ಯಾರಾದ್ರೂ ನಿಲ್ಸಿದ್ರಾ ಮೇಡಂ? ಡಾಕ್ಟ್ರು ಹೇಳಿದ್ರಾ?” ಎಂದು ಅವಳು ಕೇಳಿದಳು. ಬರೆದುಕೊಳ್ಳಬೇಕಿತ್ತೇನೋ.

“ಇಲ್ಲ. ನಾನೇ.”

ಪಕ್ಕದ ಹುಲ್ಲಿನ ಮೇಲೆ ಕೂತು ಅತ್ತೆ. ಸಣ್ಣಗಲ್ಲ, ಸಾವಿನ ಮನೆಯಲ್ಲಿ ಅಳುವಂತೆ ಗಟ್ಟಿಯಾಗಿ ಅತ್ತೆ. ಮುಗಿಸಲಾಗಲಿಲ್ಲ ಎನ್ನುವ ದುಃಖ ಒಂದು ಕಡೆ ಉರಿಯುತ್ತಿತ್ತು. ಆದರೆ ಅದರ ಜೊತೆಗೆ ಹುಡುಕಿದರೂ ಸಿಟ್ಟು ಸಿಗಲಿಲ್ಲ. ಇಷ್ಟು ವರ್ಷ ಒಬ್ಬ ಮನುಷ್ಯನನ್ನು ಬೈದುಕೊಂಡೇ ಬದುಕಿದ್ದೆ. ಈ ಸಲ ಬೈಯಲು ಯಾರೂ ಇರಲಿಲ್ಲ.

ಲೋಕೇಶ್ ನೀರಿನ ಬಾಟಲು ಹಿಡಿದು ಸ್ವಲ್ಪ ದೂರದಲ್ಲಿ ನಿಂತರು, ಹತ್ತಿರ ಬರಲು ಹೆದರಿದವರಂತೆ. ಕಾವ್ಯ ಹಗ್ಗದ ಕೆಳಗೆ ನುಸುಳಿ ಬಂದು ನನ್ನೆದುರು ಮಣ್ಣಿನಲ್ಲೇ ಕೂತಳು. ನಾನು ಮೂಗೊರೆಸಿಕೊಂಡು, ಅವಳು ಕೇಳುವ ಮೊದಲೇ, ಉಡುಗೆಯ ಕಾಲನ್ನು ಮೇಲಕ್ಕೆ ಮಡಚಿದೆ. ಅವಳು ಊದಿದ ಮಂಡಿಯ ಮೇಲೆ ಮೆಲ್ಲಗೆ ಕೈಯಿಟ್ಟಳು.

“ಯಾವತ್ತಿಂದ ಮಿಸ್?”

ನಿಜ ಹೇಳಿದೆ.